ನಲವತ್ತೈದರ ಮೂಲೆ

ಅಜ್ಜನ ಫೋಟೋಕ್ಕೆ ನಾನೇ ಕಟ್ಟು ಹಾಕುತ್ತೇನೆಂದು ಕೂತಾಗ ನನ್ನ ಹತ್ತಿರ ಇದ್ದದ್ದು ಒಂದು ಕೈಗರಗಸ, ಗರಗಸವನ್ನು ಕೋನಕ್ಕೆ ಹಿಡಿದಿಡುವ ಸೀಳುಗಳಿರುವ ಒಂದು ಪ್ಲಾಸ್ಟಿಕ್ ಮೈಟರ್ ಬಾಕ್ಸ್, ಅಟ್ಟ ಕಿತ್ತಾಗ ಉಳಿದ ಸಾಗವಾನಿ ಪಟ್ಟಿ. ಪಟ್ಟಿಯ ಅಗಲ ಎರಡಿಂಚು. ನಾಲ್ಕು ತುಂಡು, ಎಂಟು ತುದಿ, ಎಲ್ಲಕ್ಕೂ 45 ಡಿಗ್ರಿ. ಮೂರು ಮೂಲೆ ಚೆನ್ನಾಗಿಯೇ ಕೂಡಿದವು. ನಾಲ್ಕನೆಯದು ಬಾಯಿ ತೆರೆದು ನಿಂತಿತು. ಓಣಿಯ ಬಡಿಗತನದ ಕಾಕಾ ಚಹಾಕ್ಕೆ ಬಂದವರು ಗೋಡೆ ಕಡೆ ನೋಡಿ, "ತಮ್ಮಾ, ಈ ಮೂಲ್ಯಾಗ ಹಲ್ಲಿಗೆ ದಾರಿ ಬಿಟ್ಟೀಯಲ್ಲೋ" ಅಂದರು.

ನಾಲ್ಕನೆಯ ಮೂಲೆಯದೇನೂ ತಪ್ಪಿರಲಿಲ್ಲ. ಒಂದೊಂದು ಕೊಯ್ತದಲ್ಲೂ ಅರ್ಧ ಡಿಗ್ರಿ ತಪ್ಪಿದ್ದೆ ಅಂತಿಟ್ಟುಕೊಳ್ಳಿ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಒಂದು ಮೂಲೆಗೆ ಎರಡು ಕೊಯ್ತ, ಹಾಗಾಗಿ ಮೂಲೆಗೆ ಒಂದು ಡಿಗ್ರಿ. ನಾಲ್ಕು ಮೂಲೆಗೆ ನಾಲ್ಕು. ಮೊದಲ ಮೂರನ್ನು ಬಿಗಿಯಾಗಿ ಒತ್ತಿ ಅಂಟಿಸಿದರೆ ಆ ನಾಲ್ಕೂ ಡಿಗ್ರಿ ಓಡಿ ಹೋಗಿ ಕೊನೆಯ ಮೂಲೆಯಲ್ಲಿ ಕೂಡುತ್ತದೆ. ಎರಡಿಂಚಿನ ಪಟ್ಟಿಯಲ್ಲಿ ಓರೆ ಕೊಯ್ತದ ಉದ್ದ ಸುಮಾರು 7 ಸೆಂಟಿಮೀಟರ್. ಅಷ್ಟುದ್ದಕ್ಕೆ ನಾಲ್ಕು ಡಿಗ್ರಿ ಅಂದರೆ ಒಂದು ತುದಿಯಲ್ಲಿ 5 ಮಿಲಿಮೀಟರ್ ಸಂದು. ಸಣ್ಣ ಹಲ್ಲಿಮರಿಗೆ ಸಾಕು.

ಮೈಟರ್ ಸಾ ಎಂಬ ಯಂತ್ರ ಇರುವುದು ಈ ಅರ್ಧ ಡಿಗ್ರಿಯನ್ನು ಇಲ್ಲವಾಗಿಸಲಿಕ್ಕೆ. ಕೊಳ್ಳುವವರು ಮಾತ್ರ ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ವ್ಯಾಟ್?" ಎಂದೇ. ನಾನೂ ಹಾಗೇ ಕೇಳಿದ್ದೆ. ಈಗ ಅನಿಸುವುದು ಬೇರೆ. ನಾವು ದುಡ್ಡು ಕೊಡುವುದು ಕೋನಕ್ಕೆ. ಮೋಟಾರು ಅದರ ಜೊತೆಗೆ ಬರುತ್ತದೆ.

ನಮ್ಮ ಬೆಳಗಾವಿ ಕಡೆಯ ಹಳೆ ಬಡಿಗತನದಲ್ಲಿ ಈ ಓರೆ ಮೂಲೆಗೆ ಅಂಥ ದೊಡ್ಡ ಜಾಗವೇನೂ ಇರಲಿಲ್ಲ. ಮುರಗೋಡದಲ್ಲಾಗಲಿ, ಬೈಲಹೊಂಗಲ, ಕಿತ್ತೂರು ಕಡೆಯ ಹಳ್ಳಿಗಳಲ್ಲಾಗಲಿ ಹಳೆ ಮನೆಯ ಬಾಗಿಲ ಚೌಕಟ್ಟನ್ನು ನೋಡಿ. ಒಂದು ಮರದ ತುದಿಯನ್ನು ನಾಲಗೆಯ ಹಾಗೆ ಕೆತ್ತಿ, ಇನ್ನೊಂದರ ತೂತಿಗೆ ಕೂರಿಸಿ, ಮರದ ಬೆಣೆ ಬಡಿದಿರುತ್ತಾರೆ. ಭಾರ ಹೊರುವ ಕೆಲಸಕ್ಕೆ ಅದೇ ಸರಿ. 45ರ ಕೂಡಿಕೆಯಲ್ಲಿ ಎರಡೂ ಕಡೆ ಮರದ ಎಳೆಯ ತುದಿಗಳೇ ಎದುರುಬದುರಾಗುವುದರಿಂದ ಅಂಟು ಹಿಡಿಯುವುದೂ ಕಡಿಮೆ. ಅದು ಚೆಂದಕ್ಕಾಗಿ ಇರುವ ಕೂಡಿಕೆ. ಫೋಟೋದ ಕಟ್ಟಿನ ಜೊತೆಗೇ ನಮ್ಮ ಮನೆಗಳಿಗೆ ಹೆಚ್ಚಾಗಿ ಬಂದದ್ದು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯ ಘಾಟ್ಕೋಪರದಲ್ಲಿ ಅಚ್ಚುಕೂಟ ತೆರೆದು ಲಕ್ಷ್ಮೀ, ಸರಸ್ವತಿಯರ ಬಣ್ಣದ ಪಟಗಳನ್ನು ಅಚ್ಚು ಹಾಕಿಸತೊಡಗಿದ ಮೇಲೆ ಬಡವರ ಪಡಸಾಲೆಗೂ ಗಾಜು, ಕಟ್ಟು ಬಂದವು. ಮುರಗೋಡದಲ್ಲಿ ಒಂದು ಮನೆಯ ಗೋಡೆಗೆ ಮಹಾಂತ ಶಿವಯೋಗಿಗಳು, ಇನ್ನೊಂದಕ್ಕೆ ಚಿದಂಬರ ಮಹಾಸ್ವಾಮಿಗಳು, ಎರಡಕ್ಕೂ ಸವದತ್ತಿ ಎಲ್ಲಮ್ಮ. ಇವರೆಲ್ಲರ ಸುತ್ತ ನಾಲ್ಕು ನಲವತ್ತೈದರ ಮೂಲೆಗಳು.

ಸರಿ, ಯಂತ್ರಕ್ಕೆ ಬರೋಣ. ಮೊದಲ ತೊಡಕು ಹೆಸರಿನದು. ನಮ್ಮ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ "ಚಾಪ್ ಸಾ ತೋರಸ್ರಿ" ಅಥವಾ "ಕಟಿಂಗ್ ಮಶೀನ್ ತೋರಸ್ರಿ" ಅಂದರೆ ಅವರು ಎತ್ತಿಡುವುದು ವೆಲ್ಡಿಂಗ್ ಅಂಗಡಿಯ ಯಂತ್ರವನ್ನು: 14 ಇಂಚಿನ ಕಲ್ಲಿನಂಥ ಚಕ್ರ, ನಿಮಿಷಕ್ಕೆ 3,800ರ ಆಸುಪಾಸು ಸುತ್ತು, ಕೆಳಗೆ ಕಬ್ಬಿಣ ಹಿಡಿಯುವ ಒರಟು ಹಿಡಿತ. ಅದು ಕಬ್ಬಿಣದ ಪೈಪು, ಆ್ಯಂಗಲ್ ತುಂಡರಿಸಲಿಕ್ಕೆ. "ಇದಕ್ಕ ಕಟ್ಟಿಗಿ ಬ್ಲೇಡ್ ಹಾಕಿದ್ರ ಆತಲ್ರೀ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರ ಮುಚ್ಚಳ ಹಲ್ಲಿನ ಬ್ಲೇಡಿಗೆ ಮಾಡಿದ್ದಲ್ಲ. ಹಲ್ಲು ಮರವನ್ನು ಕಚ್ಚಿ ಎಳೆದಾಗ ಹಿಡಿದಿಡುವ ವ್ಯವಸ್ಥೆಯೂ ಇಲ್ಲ. ಕೋನವಂತೂ ಅಂದಾಜಿನದು. ಹಾಗೆಯೇ ಮೈಟರ್ ಸಾಕ್ಕೆ ಕಬ್ಬಿಣ ಕೊಯ್ಯುವ ಚಕ್ರ ಸಿಕ್ಕಿಸುವುದೂ ತಪ್ಪು. ಕಿಡಿ ಹಾರುವ ಯಂತ್ರದೊಳಗೆ ಒಣ ಹೊಟ್ಟು ಕೂತಿರುತ್ತದೆ.

ನಿಜವಾದ ಮೈಟರ್ ಸಾ ನೋಡಬೇಕೆಂದರೆ ಅಲ್ಯೂಮಿನಿಯಂ ಕಿಟಕಿ ಮಾಡುವವರ ಅಂಗಡಿಗೆ ಹೋಗಿ. ನಮ್ಮ ಊರುಗಳಲ್ಲಿ ಈ ಯಂತ್ರ ಬಡಿಗರಿಗಿಂತ ಮೊದಲು ಅವರ ಕೈಗೆ ಬಂತು. ಕಿಟಕಿಯ ಮೂಲೆಯೂ 45ರದೇ. ಒಂದು ಅರ್ಧ ಗಂಟೆ ಪಕ್ಕದಲ್ಲಿ ನಿಂತು, ಅವರು ಸರಳನ್ನು ಹೇಗೆ ಒತ್ತಿ ಹಿಡಿಯುತ್ತಾರೆ, ಬ್ಲೇಡು ಪೂರ್ತಿ ವೇಗಕ್ಕೆ ಬರುವವರೆಗೆ ಹೇಗೆ ಕಾಯುತ್ತಾರೆ ಎಂದು ನೋಡಿದರೆ ಯಾವ ಮೊಬೈಲ್ ವಿಡಿಯೋಕ್ಕಿಂತ ಹೆಚ್ಚು ತಿಳಿಯುತ್ತದೆ. ಅವರ ಬ್ಲೇಡು ಮಾತ್ರ ನಿಮ್ಮದಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಯಂತ್ರದ ರಚನೆ ಸರಳ. ಕೆಳಗೊಂದು ಎರಕದ ತಳ, ಅದರೊಳಗೆ ತಿರುಗುವ ಒಂದು ದುಂಡು ತಟ್ಟೆ. ಮರವನ್ನು ಒತ್ತಿ ನಿಲ್ಲಿಸಲಿಕ್ಕೆ ಹಿಂದೊಂದು ಆನಿಕೆ ಪಟ್ಟಿ; ಇದನ್ನು ಫೆನ್ಸ್ ಅನ್ನುತ್ತಾರೆ. ಮೇಲಿನ ತೋಳಿನಲ್ಲಿ ಮೋಟಾರು, ಬ್ಲೇಡು. ತಟ್ಟೆ ತಿರುಗಿಸಿದರೆ ಬ್ಲೇಡು ಎಡಕ್ಕೋ ಬಲಕ್ಕೋ ಓರೆಯಾಗುತ್ತದೆ, ಅದು ಮೈಟರ್. ತೋಳನ್ನೇ ಪಕ್ಕಕ್ಕೆ ಬಾಗಿಸಿದರೆ ಅದು ಬೆವೆಲ್. ಎರಡೂ ಮಾಡಬಲ್ಲದ್ದು ಕಾಂಪೌಂಡ್. ಒಂದೇ ಕಡೆ ಬಾಗಿದರೆ ಸಿಂಗಲ್ ಬೆವೆಲ್, ಎರಡೂ ಕಡೆ ಬಾಗಿದರೆ ಡಬಲ್. ತೋಳು ಹಳಿಯ ಮೇಲೆ ಹಿಂದೆ ಮುಂದೆ ಜಾರಿದರೆ ಸ್ಲೈಡಿಂಗ್. ಪದಗಳು ಇಷ್ಟೇ. ಡಬ್ಬಿಯ ಮೇಲೆ ಉಳಿದದ್ದೆಲ್ಲ ಅಲಂಕಾರ.

ತಟ್ಟೆಯಲ್ಲಿ ಕೆಲವು ಕೋನಗಳಿಗೆ ಕಚ್ಚುಗಳಿರುತ್ತವೆ. ಅಲ್ಲಿಗೆ ಬಂದಾಗ ಟಕ್ಕೆಂದು ಕೂರುತ್ತದೆ. 0, 15, 22.5, 45 ಎಲ್ಲದರಲ್ಲೂ ಇರುತ್ತವೆ. 22.5 ಯಾಕೆಂದರೆ ಎಂಟು ಮೂಲೆಯ ಕಟ್ಟಿಗೆ ಅದೇ ಬೇಕು. ಲೆಕ್ಕ ಸುಲಭ: 180ನ್ನು ಬದಿಗಳ ಸಂಖ್ಯೆಯಿಂದ ಭಾಗಿಸಿ. ಆರು ಬದಿಗೆ 30, ಎಂಟಕ್ಕೆ 22.5, ನಾಲ್ಕಕ್ಕೆ 45. ಬಹಳ ಯಂತ್ರಗಳಲ್ಲಿ 31.6 ಎಂಬ ವಿಚಿತ್ರ ಕಚ್ಚೊಂದು ಇರುತ್ತದೆ. ಅದು ಅಮೆರಿಕದ ಮನೆಗಳಲ್ಲಿ ಗೋಡೆ, ಮಾಳಿಗೆ ಕೂಡುವಲ್ಲಿ ಬಡಿಯುವ ಮರದ ಅಂಚುಪಟ್ಟಿಗೆ. ಮುರಗೋಡದಲ್ಲಿ ಆ ಕೆಲಸವನ್ನು ಪಿಓಪಿಯವರು ಮಾಡುತ್ತಾರೆ. ಡಬಲ್ ಬೆವೆಲ್‌ಗೆ ಹೆಚ್ಚಿನ ದುಡ್ಡು ಕೊಡಬೇಕಾಗಿ ಬರುವುದೂ ಬಹುಪಾಲು ಅಂಥ ಕೆಲಸಕ್ಕೇ. ಫೋಟೋ ಕಟ್ಟು, ಪೆಟ್ಟಿಗೆ, ಸ್ಟೂಲು, ದೇವರ ಮಂಟಪ ಮಾಡುವವನಿಗೆ ಸಿಂಗಲ್ ಸಾಕು. ಇನ್ನೊಂದು ಕಡೆಯ ಓರೆ ಬೇಕಾದಾಗ ಮರವನ್ನೇ ತಿರುವಿ ಹಾಕಿದರಾಯಿತು.

ಗಾತ್ರದ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಜನ ಎಡವುವುದು ಇಲ್ಲೇ. ಬ್ಲೇಡು 10 ಇಂಚಿನದಾದರೆ 10 ಇಂಚಿನ ಹಲಗೆ ಕೊಯ್ಯುತ್ತದೆ ಅಂತಲ್ಲ. ನಡುವೆ ಮೋಟಾರು, ಗೇರು ಕೂತಿರುತ್ತವೆ. ಬ್ಲೇಡಿನ ಕೆಳಗಿನ ತುಣುಕಷ್ಟೇ ಮರಕ್ಕೆ ತಾಗುವುದು. ಸ್ಲೈಡಿಂಗ್ ಇಲ್ಲದ 10 ಇಂಚಿನ ಯಂತ್ರ ನೇರವಾಗಿ ಸುಮಾರು ಐದೂವರೆ ಇಂಚು ಅಗಲ ಕೊಯ್ಯುತ್ತದೆ. 45ಕ್ಕೆ ತಿರುಗಿಸಿದರೆ ನಾಲ್ಕಿಂಚಿನ ಹತ್ತಿರ. 12 ಇಂಚಿನದು ನೇರವಾಗಿ ಎಂಟಿಂಚಿನವರೆಗೆ. 10 ಇಂಚಿನ ಸ್ಲೈಡಿಂಗ್ ಹನ್ನೆರಡು ಇಂಚಿನ ಆಸುಪಾಸು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆ.

ಡಬ್ಬಿಯ ಮೇಲೆ ಎತ್ತರ, ಅಗಲ ಎರಡೂ ಬರೆದಿರುತ್ತಾರೆ. ಎರಡೂ ಒಟ್ಟಿಗೆ ಸಿಗುವುದಿಲ್ಲ, ನೆನಪಿಡಿ. ಬ್ಲೇಡು ದುಂಡಗಿದೆ, ಮರ ಎತ್ತರವಾದಷ್ಟೂ ಕೊಯ್ಯುವ ಅಗಲ ಕಡಿಮೆ. ನಮ್ಮಲ್ಲಿ ಚೌಕಟ್ಟಿನ ಮರ 4×3 ಇಲ್ಲವೇ 5×3. ಆ 5×3ನ್ನು ಮಲಗಿಸಿ 10 ಇಂಚಿನ ಸಾದಾ ಯಂತ್ರದಲ್ಲಿ ಕೊಯ್ದರೆ, ಬಹಳ ಮಾದರಿಗಳಲ್ಲಿ ಅಂಚಿನ ಕಡೆ ಒಂದಿಷ್ಟು ಉಳಿದೇ ಹೋಗುತ್ತದೆ. ತಿರುವಿ ಇನ್ನೊಮ್ಮೆ ಕೊಯ್ಯಬೇಕು, ಎರಡು ಕೊಯ್ತದ ನಡುವೆ ಒಂದು ಮೆಟ್ಟಿಲು ಬೀಳುತ್ತದೆ. ಅಂಗಡಿಗೆ ಹೋಗುವ ಮೊದಲು ನೀವು ಕಳೆದ ವರ್ಷ ಮಾಡಿದ, ಬರುವ ವರ್ಷ ಮಾಡಬೇಕೆಂದಿರುವ ಸಾಮಾನುಗಳ ಮರದ ಅಗಲವನ್ನು ಒಂದು ಚೀಟಿಯಲ್ಲಿ ಬರೆಯಿರಿ. ನಾನು ಬರೆದಾಗ ಹತ್ತರಲ್ಲಿ ಎಂಟು ನಾಲ್ಕಿಂಚಿನ ಒಳಗೇ ಇದ್ದವು. ಉಳಿದೆರಡು ಪುಸ್ತಕದ ಕಪಾಟಿನ ಹಲಗೆ. ಆ ಎರಡಕ್ಕಾಗಿ ಮೂರು ಪಟ್ಟು ಬೆಲೆಯ ಸ್ಲೈಡಿಂಗ್ ಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಅವನ್ನು ಕೈಗರಗಸದಲ್ಲಿ ಕೊಯ್ದೆ.

ಇನ್ನೊಂದು ಮಾತು ಖಡಕ್ಕಾಗಿ ಹೇಳಿಬಿಡುತ್ತೇನೆ. ಈ ಯಂತ್ರ ಮರವನ್ನು ಅಡ್ಡ ಕೊಯ್ಯುತ್ತದೆ, ಉದ್ದಕ್ಕೆ ಸೀಳುವುದಿಲ್ಲ. ಎಂಟು ಅಡಿಗೆ ನಾಲ್ಕಡಿಯ ಪ್ಲೈವುಡ್ ಹಾಳೆ ಇದರ ಕೆಲಸವೇ ಅಲ್ಲ. ನಿಮ್ಮ ಹವ್ಯಾಸ ಪ್ಲೈವುಡ್ಡಿನ ಕಪಾಟು ಮಾಡುವುದಾದರೆ ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ, ಅದಕ್ಕೊಂದು ನೇರ ಪಟ್ಟಿ ಕೊಂಡು ಇಲ್ಲಿಗೇ ಓದು ನಿಲ್ಲಿಸಬಹುದು. ನಮ್ಮ ಬಡಿಗರು ಎಲ್ಲದಕ್ಕೂ ಬಳಸುವ ನಾಲ್ಕಿಂಚಿನ ಮಾರ್ಬಲ್ ಕಟರ್ ಮಾತ್ರ ಕೊಳ್ಳಬೇಡಿ. ಅದು ಕಲ್ಲಿಗೆಂದು ಮಾಡಿದ್ದು, ನಿಮಿಷಕ್ಕೆ ಹನ್ನೆರಡು ಹದಿಮೂರು ಸಾವಿರ ಸುತ್ತುತ್ತದೆ, ಮರ ಕೊಯ್ಯುವ ಹಲ್ಲಿನ ಬ್ಲೇಡಿಗೆ ಬೇಕಾದ ತಾನೇ ಮುಚ್ಚಿಕೊಳ್ಳುವ ಮುಚ್ಚಳವಿಲ್ಲ. ಅವರ ಕೈ ಪಳಗಿದೆ. ಹಾಗಿದ್ದೂ ಬೆರಳು ಕಳಕೊಂಡವರು ಅವರಲ್ಲೇ ಇದ್ದಾರೆ.

ಸ್ಲೈಡಿಂಗಿನ ಬಗ್ಗೆ ನನಗಿರುವ ಇನ್ನೊಂದು ತಕರಾರು ಜಾಗದ್ದು. ಹಳಿ ಹಿಂದಕ್ಕೆ ಚಾಚುವ ಮಾದರಿಗೆ ಗೋಡೆಯಿಂದ ಒಂದಡಿಗಿಂತ ಹೆಚ್ಚು ದೂರ ಬೇಕು. ನಮ್ಮ ಮನೆಗಳಲ್ಲಿ ಹವ್ಯಾಸಿ ಬಡಿಗನಿಗೆ ಸಿಗುವುದು ದನ ಮಾರಿದ ಮೇಲೆ ಖಾಲಿಯಾದ ಕೊಟ್ಟಿಗೆಯ ಒಂದು ಮೂಲೆ. ಮತ್ತೆ, ಅಗ್ಗದ ಸ್ಲೈಡಿಂಗ್ ಯಂತ್ರಗಳಲ್ಲಿ ತೋಳನ್ನು ಪೂರ್ತಿ ಮುಂದಕ್ಕೆ ಎಳೆದು ಹಿಡಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಕೈಗೆ ಸಿಗುವ ಆ ಅಲುಗಾಟವೇ ನಿಮ್ಮ ಅರ್ಧ ಡಿಗ್ರಿ. ಕಡಿಮೆ ದುಡ್ಡಿದ್ದರೆ ಒಳ್ಳೆಯ ಸಾದಾ ಯಂತ್ರ ಕೊಳ್ಳಿ, ಕೆಟ್ಟ ಸ್ಲೈಡಿಂಗ್ ಬೇಡ.

ಅಂಗಡಿಯಲ್ಲಿ ನೋಡುವುದು ಏನು? ಒಂದು ಉಕ್ಕಿನ ಸ್ಕೇಲು, ಒಂದು ಮೂಲಮಟ್ಟ ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯವರು ಮುಖ ಸಿಂಡರಿಸಿದರೂ ಚಿಂತೆಯಿಲ್ಲ. ಸ್ಕೇಲನ್ನು ಫೆನ್ಸಿನ ಎರಡು ಭಾಗಗಳಿಗೂ ತಾಗುವಂತೆ ಹಿಡಿದು, ಹಿಂದಿನಿಂದ ಬೆಳಕು ಕಾಣುತ್ತದೆಯೇ ನೋಡಿ. ಫೆನ್ಸೇ ಡೊಂಕಾಗಿದ್ದರೆ ಆ ಯಂತ್ರ ಮುಟ್ಟಬೇಡಿ, ಅದನ್ನು ಸರಿ ಮಾಡುವುದು ಕಷ್ಟ. ಬ್ಲೇಡು ಓರೆಯಾಗಿದ್ದರೆ ತಿರುಪಿನಿಂದ ಸರಿಪಡಿಸಬಹುದು, ಅದು ದೋಷವಲ್ಲ. ಆಮೇಲೆ ತಟ್ಟೆಯನ್ನು 45ರ ಕಚ್ಚಿಗೆ ಕೂರಿಸಿ, ಬೀಗ ಬಿಗಿಯದೆ ಅತ್ತಿತ್ತ ಅಲ್ಲಾಡಿಸಿ. ಕಚ್ಚಿನಲ್ಲೇ ಆಟವಿದ್ದರೆ ಹಿಂದಿನ ಪಾಡೇ. ಲೇಸರ್ ಗೆರೆ ಇದೆಯೆಂದು ಅಂಗಡಿಯವರು ಹೆಮ್ಮೆಯಿಂದ ತೋರಿಸುತ್ತಾರೆ. ಅದು ಆಗಾಗ ಜಾರುತ್ತದೆ, ಬಿಸಿಲಲ್ಲಿ ಕಾಣುವುದಿಲ್ಲ. ಬ್ಲೇಡಿನ ನೆರಳನ್ನೇ ಮರದ ಮೇಲೆ ಬೀಳಿಸುವ ದೀಪ ಇದ್ದರೆ ಅದು ಮೇಲು, ಬ್ಲೇಡು ಎಲ್ಲಿದೆಯೋ ನೆರಳೂ ಅಲ್ಲೇ.

ಮನೆಗೆ ತಂದ ಮೇಲೆ ಮಾಡುವ ಪರೀಕ್ಷೆ ಒಂದಿದೆ, ಇದಕ್ಕೆ ದುಡ್ಡು ಬೇಡ. ಎರಡೂ ಅಂಚು ಸಮಾನಾಂತರವಿರುವ, ಮೂರು ನಾಲ್ಕಿಂಚು ಅಗಲದ ಪಟ್ಟಿಯನ್ನು ಸೊನ್ನೆಯಲ್ಲಿಟ್ಟು ನಡುವೆ ಕೊಯ್ಯಿರಿ. ಒಂದು ತುಂಡನ್ನು ಮಗುಚಿ ಹಾಕಿ, ಕೊಯ್ದ ಮುಖಗಳನ್ನು ಕೂಡಿಸಿ, ಕೆಳಗಿನ ಅಂಚನ್ನು ಸ್ಕೇಲಿಗೆ ಒತ್ತಿ ಹಿಡಿಯಿರಿ. ಕೊಯ್ತ ನೇರವಾಗಿದ್ದರೆ ಕೂಡಿದ ಗೆರೆ ಕೂದಲಿನಂತೆ ಮುಚ್ಚಿಕೊಳ್ಳುತ್ತದೆ. ಕಾಲು ಡಿಗ್ರಿ ತಪ್ಪಿದ್ದರೂ ಮಗುಚಿದ್ದರಿಂದ ಅದು ಅರ್ಧ ಡಿಗ್ರಿಯಾಗಿ ಕಾಣುತ್ತದೆ. ಮೂಲಮಟ್ಟ ಸುಳ್ಳು ಹೇಳಬಹುದು; ಮಗುಚಿದ ಮರ ಹೇಳುವುದಿಲ್ಲ. ಫೆನ್ಸಿನ ತಿರುಪು ಸಡಿಲಿಸಿ, ಸರಿಸಿ, ಬಿಗಿದು, ಮತ್ತೆ ಕೊಯ್ದು ನೋಡಿ. ನನಗೆ ಮೊದಲ ಸಲ ಒಂದು ಇಡೀ ಭಾನುವಾರ ಹಿಡಿಯಿತು. 45ಕ್ಕೆ ನಾಲ್ಕು ತುಂಡಿನ ಪುಟ್ಟ ಕಟ್ಟೊಂದನ್ನೇ ಕೊಯ್ದು ಅಂಟಿಲ್ಲದೆ ಕೂಡಿಸಿ ನೋಡುವುದು. ನಾಲ್ಕನೆಯ ಮೂಲೆ ಎಂಟೂ ಕೊಯ್ತದ ಲೆಕ್ಕ ಒಪ್ಪಿಸುತ್ತದೆ.

ಈಗ ಬ್ಲೇಡು. ನನ್ನನ್ನು ಕೇಳಿದರೆ ಯಂತ್ರಕ್ಕೆ ಮೀಸಲಿಟ್ಟ ದುಡ್ಡಿನಲ್ಲಿ ಒಂದು ಪಾಲು ಮೊದಲೇ ಬ್ಲೇಡಿಗೆಂದು ಎತ್ತಿಡಬೇಕು. ಡಬ್ಬಿಯೊಳಗೆ ಬರುವ ಬ್ಲೇಡು ಸಾಮಾನ್ಯವಾಗಿ 24ರಿಂದ 40 ಹಲ್ಲಿನದು. ಬೇಗ ಕೊಯ್ಯುತ್ತದೆ, ಅಂಚು ಹರಿಯುತ್ತದೆ. 10 ಇಂಚಿಗೆ 60 ಹಲ್ಲು ಎಲ್ಲ ಕೆಲಸಕ್ಕೂ ಹೊಂದುತ್ತದೆ. ಫೋಟೋ ಕಟ್ಟಿನಂಥ ನಯದ ಕೆಲಸವೇ ಹೆಚ್ಚಿದ್ದರೆ 80. ಅದರ ಮೇಲೆ ಹೋದರೆ ಹಲ್ಲುಗಳ ನಡುವೆ ಹೊಟ್ಟು ಹೊರಹೋಗಲು ಜಾಗ ಸಾಲದೆ ಮರ ಕರಕಾಗುತ್ತದೆ. ಪೇಟೆಯಲ್ಲಿ ಸುಲಭವಾಗಿ ಸಿಗುವ 100, 120 ಹಲ್ಲಿನವು ಅಲ್ಯೂಮಿನಿಯಂನವರದು. ಅವುಗಳ ಹಲ್ಲಿನ ತುದಿಯೇ ಬೇರೆ: ಒಂದು ಚಪ್ಪಟೆ, ಒಂದು ಮೂಲೆ ಸವರಿದ್ದು, ಹೀಗೆ ಸರದಿಯಲ್ಲಿ. ಮರಕ್ಕೆ ಬೇಕಾದದ್ದು ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಓರೆಯಾಗಿ ಚಾಕುವಿನಂತೆ ಎಳೆ ಕತ್ತರಿಸುವಂಥದ್ದು.

ಹಲ್ಲು ಮುಂದಕ್ಕೆ ಎಷ್ಟು ಬಾಗಿದೆ ಅನ್ನುವುದನ್ನೂ ಕೇಳಿ. ಟೇಬಲ್ ಸಾದ ಬ್ಲೇಡಿನಲ್ಲಿ ಈ ಬಾಗು 15ರಿಂದ 20 ಡಿಗ್ರಿಯಷ್ಟು ಇರುತ್ತದೆ. ಅದನ್ನು ಮೈಟರ್ ಸಾಕ್ಕೆ ಹಾಕಿದರೆ ಮರವನ್ನು ಕಚ್ಚಿಕೊಂಡು ತಾನೇ ಏರಿ ಬರಲು ನೋಡುತ್ತದೆ. ಇಲ್ಲಿಗೆ ಸೊನ್ನೆಯ ಆಸುಪಾಸಿನದು, ಇಲ್ಲವೇ ಸ್ವಲ್ಪ ಹಿಂದಕ್ಕೆ ಬಾಗಿದ್ದು ಬೇಕು. ನಡುವಿನ ತೂತು 25.4 ಮಿಲಿಮೀಟರೋ 30ರದೋ ಎಂದು ನಿಮ್ಮ ಯಂತ್ರ ನೋಡಿ ಹೇಳಿ. 30ರದಕ್ಕೆ ಉಂಗುರ ಹಾಕಿ 25.4 ಮಾಡಬಹುದು, ತಿರುವುಮುರುವಾಗಿ ಆಗದು. ಬ್ಲೇಡಿನ ಮೇಲೆ ಅಚ್ಚಾಗಿರುವ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಹೆಚ್ಚಿರಬೇಕು. 10 ಇಂಚಿನ ಯಂತ್ರಗಳು ಸಾಮಾನ್ಯವಾಗಿ ನಿಮಿಷಕ್ಕೆ ನಾಲ್ಕೂವರೆಯಿಂದ ಐದು ಸಾವಿರ ಸುತ್ತುತ್ತವೆ.

ನಮ್ಮ ಕಡೆ ಹವ್ಯಾಸಿಗಳಿಗೆ ಸಿಗುವ ಒಳ್ಳೆಯ ಮರವೆಂದರೆ ಕೆಡವಿದ ಹಳೆ ಮನೆಗಳದು. ತೊಲೆ, ಜಂತಿ, ಕಂಬ, ಅಟ್ಟದ ಹಲಗೆ. ಒಣಗಿ ಒಣಗಿ ನೆಟ್ಟಗೆ ಕೂತ ಸಾಗವಾನಿ. ದಾಂಡೇಲಿ, ಹಳಿಯಾಳ ಕಡೆಯ ಕಾಡಿನಿಂದ ಎಂದೋ ಚಕ್ಕಡಿಯಲ್ಲಿ ಬಂದಿದ್ದೀತು. ಬ್ಲೇಡಿಗೆ ಇದರಷ್ಟು ಕೆಟ್ಟದ್ದೂ ಇಲ್ಲ. ಸಾಗವಾನಿಯ ಒಡಲಲ್ಲೇ ಮರಳಿನ ಅಂಶವಿದೆ, ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಮೇಲೆ ಮಣ್ಣಿನ ಮಾಳಿಗೆಯ ಧೂಳು ಎಳೆಯೊಳಗೆ ಹೊಕ್ಕಿರುತ್ತದೆ. ಇನ್ನು ಮೊಳೆ: ಮೂರು ತಲೆಮಾರು ಹೊಡೆದ ಮೊಳೆಗಳು, ತಲೆ ಮುರಿದು ಒಳಗೇ ಉಳಿದವು. ಒಡೆದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ಎಳೆಯಿರಿ, ಎಲ್ಲಿ ಹಿಡಿಯುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ನಾನು ಒಮ್ಮೆ ಈ ಕೆಲಸಕ್ಕೆ ಬೇಸರಪಟ್ಟು ಹೊಸ ಬ್ಲೇಡಿನ ಮೂರು ಹಲ್ಲು ಕಳಕೊಂಡೆ. ಅದರಲ್ಲೊಂದು ತಗಡಿನ ಬಾಗಿಲಿಗೆ ಬಡಿದ ಸದ್ದು ಇನ್ನೂ ಕಿವಿಯಲ್ಲಿದೆ. ಜಾಲಿ ಕಟ್ಟಿಗೆ ಗಟ್ಟಿ, ಆದರೆ ಸ್ವಚ್ಛವಿದ್ದರೆ ನಿಧಾನ ಒತ್ತಿದಾಗ ಚೆನ್ನಾಗಿ ಕೊಯ್ಯುತ್ತದೆ. ಬೇವಿನ ಎಳೆ ಒಂದರೊಳಗೊಂದು ಹೆಣೆದಿರುವುದರಿಂದ ಅಂಚು ಕಿತ್ತು ಬರುತ್ತದೆ. ಕೊಯ್ಯುವ ಗೆರೆಯ ಮೇಲೆ ಕಾಗದದ ಟೇಪು ಹಚ್ಚಿ. ಈ ಬ್ಲೇಡಿನ ಹಲ್ಲು ಟಂಗ್‌ಸ್ಟನ್ ಕಾರ್ಬೈಡಿನದು, ಅರದಿಂದ ಉಜ್ಜಿದರೆ ಹರಿತವಾಗುವುದಿಲ್ಲ. ವಜ್ರದ ಚಕ್ರವಿರುವ ಸಾಣೆಯವರೇ ಬೇಕು. ಕೊಳ್ಳುವಾಗಲೇ ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಅಂಥವರು ಯಾರೆಂದು ಕೇಳಿಟ್ಟುಕೊಳ್ಳಿ.

ಇನ್ನು ಕರೆಂಟು. 1,600 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಏಳು ಆಂಪಿಯರ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ದೀಪದ ಬೋರ್ಡಿನ 6 ಆಂಪಿಯರ್ ಸಾಕೆಟ್ಟು ಇದಕ್ಕಲ್ಲ. ಫ್ರಿಜ್ಜಿಗೋ ಗೀಸರಿಗೋ ಇರುವ 16 ಆಂಪಿಯರಿನ ಪವರ್ ಪ್ಲಗ್ ಬೇಕು. ಕೊಟ್ಟಿಗೆಗೆ ತಂತಿ ಎಳೆಯುವಾಗ ಜನ ಮಿತವ್ಯಯ ಮಾಡುತ್ತಾರೆ. 20 ಮೀಟರ್ ದೂರಕ್ಕೆ 0.75 ಚದರ ಮಿಲಿಮೀಟರಿನ ತೆಳು ತಂತಿ ಹಾಕಿದರೆ ಕೊಯ್ಯುವಾಗಲೇ ಏಳು ವೋಲ್ಟು ತಂತಿಯಲ್ಲೇ ಕರಗುತ್ತದೆ, ಶುರುವಾಗುವಾಗ ಇನ್ನೂ ಬಹಳ. 2.5 ಚದರ ಮಿಲಿಮೀಟರಿನದಾದರೆ ಎರಡೇ ವೋಲ್ಟು. ಸಂಜೆ ಪಂಪುಗಳು ಶುರುವಾಗಿ ವೋಲ್ಟೇಜು 180ಕ್ಕೆ ಇಳಿದಿದ್ದರೆ ಕೆಲಸ ನಿಲ್ಲಿಸಿ. ಈ ಯಂತ್ರಗಳಲ್ಲಿರುವ ಬ್ರಷ್ ಮೋಟಾರಿನ ವೇಗ ವೋಲ್ಟೇಜಿನ ಜೊತೆ ಇಳಿಯುತ್ತದೆ. ನಾವು ಗೊತ್ತಿಲ್ಲದೆ ಹೆಚ್ಚು ಒತ್ತುತ್ತೇವೆ, ಕರೆಂಟು ಹೆಚ್ಚು ಹರಿಯುತ್ತದೆ, ತಂಪು ಮಾಡಬೇಕಾದ ಒಳಗಿನ ಫ್ಯಾನೂ ಆಗ ನಿಧಾನ. ಸುಟ್ಟ ವಾಸನೆ ಬರುವುದು ಹೀಗೆ.

ಕಂಪನಿ ಯಾವುದು ಎಂದು ಎಲ್ಲರೂ ಕೇಳುತ್ತಾರೆ. ಬಾಷ್, ಮಕಿತಾ, ಡಿವಾಲ್ಟ್, ಹಿಕೋಕಿ ಎಲ್ಲವೂ ನಮ್ಮಲ್ಲಿ ಸಿಗುತ್ತವೆ. ಹಳೆ ಬಡಿಗರು ಇನ್ನೂ ಹಿಟಾಚಿ ಅನ್ನುವುದು ಇದೇ ಹಿಕೋಕಿಗೆ. 2018ರಲ್ಲಿ ಹೆಸರು ಬದಲಾಯಿತು. ಅಗ್ಗದ ಯಂತ್ರಗಳು ಹತ್ತು ಹನ್ನೆರಡು ಸಾವಿರದ ಆಸುಪಾಸಿನಿಂದ ಶುರುವಾದರೆ, ಒಳ್ಳೆಯ ಸ್ಲೈಡಿಂಗ್ ಅದರ ಮೂರು ನಾಲ್ಕು ಪಟ್ಟು. ಹೆಸರಿಗಿಂತ ಮೊದಲು ಕೇಳಬೇಕಾದದ್ದು: ಕಾರ್ಬನ್ ಬ್ರಷ್, ಸ್ವಿಚ್ಚು, ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬೈಲಹೊಂಗಲದಲ್ಲಿ ಸಿಗುತ್ತವೆಯೇ, ಇಲ್ಲವೇ ಹದಿಮೂರು ಹದಿನಾಲ್ಕು ಕಿಲೋದ ಯಂತ್ರವನ್ನು ಬಸ್ಸಿನಲ್ಲಿ ಹೊತ್ತುಕೊಂಡು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕೇ? ಆನ್‌ಲೈನಿನಲ್ಲಿ ಎರಡು ಸಾವಿರ ಉಳಿಸಿ, ಆಮೇಲೆ ಒಂದು ಸ್ವಿಚ್ಚಿಗಾಗಿ ತಿಂಗಳು ಕಾದವನ ಮಾತಿದು. ಕಲಿಯಬೇಕೆಂಬ ಹಂಬಲ ಹೆಚ್ಚಿದ್ದವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಅಂಡ್ ಟೆಕ್ನಾಲಜಿ ಇದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು. ಅಲ್ಲಿನ ಮರಗೆಲಸ ತರಬೇತಿ ಕೇಂದ್ರದಲ್ಲಿ ಯಂತ್ರಗಳ ಮೇಲೇ ಕೆಲಸ ಕಲಿಸುತ್ತಾರೆ.

ಬೆರಳುಗಳ ವಿಷಯ. ಬ್ಲೇಡಿನಿಂದ ಗೇಣಿನಷ್ಟು ದೂರ ಕೈ ಇರಬೇಕು. ಅಷ್ಟು ಹಿಡಿಯಲಾಗದ ಚಿಕ್ಕ ತುಂಡನ್ನು ಕೊಯ್ಯಬಾರದು, ಉದ್ದ ಪಟ್ಟಿಯಿಂದ ಕೊಯ್ದು ಬೀಳಿಸಬೇಕು. ಕೈಗವಸು ಬೇಡ, ಹೆಗಲ ಮೇಲೆ ಟವೆಲ್ಲು ಬೇಡ, ಧೋತರದ ಚುಂಗು ಸಿಕ್ಕಿಸಿಕೊಳ್ಳಿ. ಬಾಗಿದ ಮರವಾದರೆ ಉಬ್ಬಿದ ಕಡೆಯನ್ನು ಫೆನ್ಸಿಗೆ ತಾಗಿಸಿ. ತಗ್ಗು ಕಡೆ ಹಾಕಿದರೆ ನಡುವೆ ಆಧಾರವಿಲ್ಲದೆ ಕೊಯ್ತ ಮುಚ್ಚಿಕೊಂಡು ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ, ತುಂಡು ಹಾರುತ್ತದೆ. ಕೊಯ್ದಾದ ಮೇಲೆ ಸ್ವಿಚ್ಚು ಬಿಟ್ಟು, ಬ್ಲೇಡು ಕೆಳಗಿರುವಾಗಲೇ ಪೂರ್ತಿ ನಿಲ್ಲಲಿ, ಆಮೇಲೆ ತೋಳು ಎತ್ತಿ. ತಿರುಗುವ ಬ್ಲೇಡನ್ನು ಎತ್ತಿದಾಗಲೇ ಸಣ್ಣ ತುಂಡುಗಳು ಸಿಡಿಯುವುದು. ಹೊಟ್ಟಿನ ಬಗ್ಗೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕೋವಿಡ್ ಕಾಲದ ಎನ್-95 ಮಾಸ್ಕು ಮನೆಯಲ್ಲಿ ಉಳಿದಿದ್ದರೆ ಈಗ ಹಾಕಿಕೊಳ್ಳಿ. ಈ ಯಂತ್ರದ ಹಿಂದಿನ ಚೀಲ ಅರ್ಧ ಹೊಟ್ಟನ್ನೂ ಹಿಡಿಯುವುದಿಲ್ಲ.

ಇಷ್ಟೆಲ್ಲ ಮಾಡಿ ಕೂದಲಿನಂತೆ ಕೂಡಿದ ಮೂಲೆ ಏಪ್ರಿಲ್ಲಿನಲ್ಲಿ ಒಳಗಡೆ ಸಣ್ಣಗೆ ಬಿರಿದರೆ ಯಂತ್ರವನ್ನು ಬೈಯಬೇಡಿ. ಮರ ಒಣಗಿದಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದೇ ಇಲ್ಲ ಅನ್ನಬಹುದು. ಅಗಲ ಮಾತ್ರ ಕುಗ್ಗಿದ ಪಟ್ಟಿಯ ತುದಿ 45ಕ್ಕಿಂತ ಸ್ವಲ್ಪ ಚೂಪಾಗುತ್ತದೆ. ಎರಡು ಚೂಪುಗಳು ಹೊರಮೂಲೆಯಲ್ಲಿ ತಾಗಿಕೊಂಡು ಒಳಗೆ ಸಂದು ಬಿಡುತ್ತವೆ. ಶ್ರಾವಣದ ಜಿಟಿಜಿಟಿಯಲ್ಲಿ ಮರ ಉಬ್ಬಿದಾಗ ತಿರುವುಮುರುವು: ಒಳಗೆ ಮುಚ್ಚಿ, ಹೊರಗೆ ತೆರೆಯುತ್ತದೆ. ಪಟ್ಟಿ ಒಂದಿಂಚಿನದಾದರೆ ಇದು ಕಾಣುವುದಿಲ್ಲ. ನಾಲ್ಕಿಂಚಿನದಾದರೆ ಎದ್ದು ಕಾಣುತ್ತದೆ. ಸಾಗವಾನಿ ಕಡಿಮೆ ಆಡುತ್ತದೆ, ಹಸಿ ಬೇವು, ಮಾವು ಬಹಳ. ಅಗಲ ಕಟ್ಟು ಬೇಕೇ ಬೇಕೆಂದರೆ ಮೂಲೆಗೆ ಅಡ್ಡಲಾಗಿ ಗರಗಸದಿಂದ ಸೀಳು ಕೊಯ್ದು ತೆಳು ಮರದ ಚಿಪ್ಪೊಂದನ್ನು ಫೆವಿಕಾಲ್ ಹಚ್ಚಿ ಕೂರಿಸಿ. ಎಳೆ ಎಳೆಗೆ ತಾಗುವುದರಿಂದ ಅಂಟು ಆಗ ನಿಜವಾಗಿ ಹಿಡಿಯುತ್ತದೆ. ಕಾಕಾ ಇದನ್ನು ನೋಡಿ, "ನಾವು ನಾಲಿಗಿ ಕೂಡ್ರಸ್ತಿದ್ವಿ, ನೀ ಚಿಪ್ಪ ಕೂಡ್ರಸಿದಿ" ಅಂದರು. ಮೆಚ್ಚಿದರೋ ಛೇಡಿಸಿದರೋ ತಿಳಿಯಲಿಲ್ಲ.

ವರ್ಷಕ್ಕೆರಡೇ ಕಟ್ಟು ಮಾಡುವವರಿಗೆ ಇದ್ಯಾವುದೂ ಬೇಡ, ನಿಜ ಹೇಳಬೇಕೆಂದರೆ. ಬೆನ್ನಿಗೆ ಉಕ್ಕಿನ ಪಟ್ಟಿ ಇರುವ ಸಣ್ಣ ಹಲ್ಲಿನ ಗರಗಸ, ಗಟ್ಟಿ ಮರದಲ್ಲಿ ಕಾಕಾನಂಥವರಿಂದ ಮಾಡಿಸಿದ ಮೈಟರ್ ಬಾಕ್ಸ್, ಕೊಯ್ದ ಮೇಲೆ ತುದಿಯನ್ನು ರಂದಾದಿಂದ ಒಂದೆರಡು ಎಳೆ ಸವರುವ ತಾಳ್ಮೆ ಇದ್ದರೆ ಮೂಲೆ ಯಂತ್ರದ್ದಕ್ಕಿಂತ ಚೆನ್ನಾಗಿ ಕೂಡುತ್ತದೆ. ನನ್ನ ಪ್ಲಾಸ್ಟಿಕ್ ಬಾಕ್ಸಿನ ಸೀಳು ಗರಗಸಕ್ಕಿಂತ ಎರಡು ಪಟ್ಟು ಅಗಲವಿತ್ತು, ಅಜ್ಜನ ಫೋಟೋ ಕೆಟ್ಟದ್ದು ಅದರಿಂದ. ತಿಂಗಳಿಗೆ ನಾಲ್ಕಾರು ತುಂಡು ಒಂದೇ ಅಳತೆಗೆ, ಒಂದೇ ಕೋನಕ್ಕೆ ಕೊಯ್ಯುವವರು ಯಂತ್ರ ಕೊಳ್ಳಲಿ: 10 ಇಂಚು, ಸ್ಲೈಡಿಂಗ್ ಇಲ್ಲದ್ದು, ಸಿಂಗಲ್ ಬೆವೆಲ್, ನೆಟ್ಟಗಿನ ಫೆನ್ಸು, 60 ಹಲ್ಲಿನ ಬ್ಲೇಡು. ಉಳಿದ ದುಡ್ಡಿಗೆ ಎರಡೂ ಪಕ್ಕ ಉದ್ದ ಮರ ಆನಿಸುವ ಒಂದು ಕಟ್ಟಿಗೆಯ ಮಣೆ ಮಾಡಿಕೊಳ್ಳಿ. ತುದಿ ಜೋತು ಬಿದ್ದ ಮರದಲ್ಲಿ ಯಾವ ಕೋನವೂ ನಿಲ್ಲುವುದಿಲ್ಲ.

ವರ್ಷಕ್ಕೊಮ್ಮೆ ಖಂಡೆ ಪೂಜೆಯ ಹಿಂದಿನ ದಿನ ನಾನು ಯಂತ್ರ ಬಿಚ್ಚಿ ಕೂಡುತ್ತೇನೆ. ಬ್ಲೇಡು ತೆಗೆದು ಸೋಪಿನ ನೀರಲ್ಲಿ ಹಾಕಿ ಹಲ್ಲಿನ ಬುಡಕ್ಕೆ ಹತ್ತಿದ ಮೇಣವನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದು, ಕಾರ್ಬನ್ ಬ್ರಷ್ ಸವೆದದ್ದು ನೋಡುವುದು, ಕಚ್ಚುಗಳೊಳಗಿನ ಹೊಟ್ಟು ಊದುವುದು, ಪಟ್ಟಿ ಕೊಯ್ದು ಮಗುಚಿ ನೋಡುವುದು. ಮರುದಿನ ಮನೆಯವರು ವಿಭೂತಿ, ಕುಂಕುಮ, ಚೆಂಡು ಹೂ ತಂದು ಪೂಜೆ ಮಾಡುತ್ತಾರೆ. ಒಂದೇ ಕೋರಿಕೆ ಇಟ್ಟಿದ್ದೇನೆ: ವಿಭೂತಿಯನ್ನು ಮೋಟಾರಿನ ಮೇಲೆ ಹಚ್ಚಿ, ಫೆನ್ಸಿನ ಮೇಲೆ ಬೇಡ. ಕಳೆದ ವರ್ಷ ಅಲ್ಲಿ ಹಚ್ಚಿದ್ದು ಒಣಗಿ, ಆ ಪದರ ಕಾಲು ಡಿಗ್ರಿ ತಿಂದಿತ್ತು.